ಚಿತ್ರದಲ್ಲಿಲ್ಲದ ತೂತು

ದೊಡ್ಡಕ್ಕನ ನಾದಿನಿಯ ಬಲಭುಜದ ಮೇಲೆ ಬಿದ್ದ ಗಾರೆಚಕ್ಕೆ ಊಟದ ತಟ್ಟೆಯಷ್ಟು ಅಗಲವಿತ್ತು. ಇಸ್ತ್ರಿ ಪೆಟ್ಟಿಗೆ ಕೈಜಾರಿ ಚಾದರ ಸುಟ್ಟಿತು. ಎಲುಬು ಮುರಿಯಿತು. ಸುಟ್ಟ ಚಾದರಕ್ಕೆ ಎರಡೇ ದಿನದಲ್ಲಿ ನೋಟಿಸು ಬಂತು. ಮುರಿದ ಎಲುಬಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಆ ಬಟ್ಟೆಮನೆಗೆ ಇನ್ನೂರು ವರ್ಷ. ಹಳೇ ಕಟ್ಟಡಗಳ ಇಲಾಖೆಯ ಆಸ್ತಿ. ಹನ್ನೊಂದು ಹೆಂಗಸರು ಅಲ್ಲಿ ಆಸ್ಪತ್ರೆಯ ಚಾದರ, ಕಚೇರಿಯ ಪರದೆ, ಸಾಹೇಬರುಗಳ ಕೋಟು ಒಗೆದು ಇಸ್ತ್ರಿ ಹಾಕುತ್ತಿದ್ದರು. ಇಸ್ತ್ರಿ ಮೇಜಿನ ಮೇಲೇ ತಾರಸಿಯಲ್ಲಿ ತೂತು. ಮೊದಲು ಬೆರಳು ಹಿಡಿಸುತ್ತಿತ್ತು, ಈಗ ಆಳೇ ಇಳಿಯಬಹುದು. ಎಲ್ಲರಿಗಿಂತ ಹಿರಿಯವಳು ದೊಡ್ಡಕ್ಕ. ಏಳು ಅರ್ಜಿ ಕೊಟ್ಟು ಅವಳ ಚಪ್ಪಲಿ ಸವೆದಿತ್ತು. ಗಾಯಗೊಂಡವಳು ಅವಳ ಗಂಡನ ತಂಗಿ. ಇನ್ನೊಂದು ಚಕ್ಕೆ ಯಾರ ನೆತ್ತಿಗೆ ಬೀಳುತ್ತದೋ ಎಂದು ದೊಡ್ಡಕ್ಕನಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೂ ಉತ್ತರ ಬಂತು. ಬುಧವಾರ ಡ್ರೋನ್ ಬಂದು ಆಕಾಶದಿಂದ ಚಿತ್ರ ತೆಗೆಯುತ್ತದೆ, ಹಾನಿ ಕಂಡರೆ ಕೂಡಲೇ ದುರಸ್ತಿ.

"ಮೇಲಿಂದ ಫೋಟೋ ತೆಗೀತಾರಂತೆ ಕಣ್ರೇ! ತೂತು ಕಾಣದೆ ಎಲ್ಲಿ ಹೋಗುತ್ತೆ?" ಎಂದಳು ದೊಡ್ಡಕ್ಕ.

ಎಡವಟ್ಟಾದದ್ದು ಅಲ್ಲೇ. ಜೀವಮಾನವೆಲ್ಲ ಊರವರ ಕೊಳೆ ತೆಗೆದ ಹೆಂಗಸರು ಇವರು. ಫೋಟೋಗೆ ಕೊಳಕು ತಾರಸಿ ತೋರಿಸಲು ಮನಸ್ಸು ಒಪ್ಪೀತೇ? ಸೋಡಾ ಹಾಕಿ ಉಜ್ಜಿದರು. ಪಾಚಿ ಕೆರೆದರು. ಗುಡಿಸುವ ಮುಂಚೆ, ಕೆಳಗಿನ ಇಸ್ತ್ರಿ ಬಟ್ಟೆಯ ಮೇಲೆ ದೂಳು ಉದುರಬಾರದೆಂದು, ದಿನಾ ಮಾಡುವ ಹಾಗೆಯೇ ಗಂಜಿ ಹಾಕಿದ ಚಾದರವನ್ನು ತೂತಿನ ಮೇಲೆ ಬಿಗಿದು ಕಟ್ಟಿದರು. ಉಳಿದ ಚಾದರಗಳನ್ನೂ ಬಿಸಿಲಿಗೆ ತಾರಸಿಯ ತುಂಬ ಅಂಚಿಗೆ ಅಂಚು ಸೇರಿಸಿ ಹಾಸಿದರು. ಆಮೇಲೆ ತಲೆ ಬಾಚಿಕೊಂಡು, ಹನ್ನೊಂದು ಜನವೂ ತಾರಸಿಯ ಒಂದು ಬದಿಗೆ ಸಾಲಾಗಿ ನಿಂತು ಡ್ರೋನ್ ನೋಡಿ ನಕ್ಕರು. ಚಾದರ ತೆಗೆಯುವುದು ಮರೆತೇಹೋಯಿತು!

ವರದಿ ಬಂತು: "ಚಾವಣಿ ಅಚ್ಚ ಬಿಳುಪು. ಬಿರುಕಿಲ್ಲ, ತೂತಿಲ್ಲ. ಮೊದಲ ದರ್ಜೆ. ಒಂದು ಅಂಚಿನಲ್ಲಿ ಮಾತ್ರ ಹನ್ನೊಂದು ಕಪ್ಪು ಚುಕ್ಕೆಗಳಿದ್ದು, ಪಾಚಿಯಿರಬಹುದು. ಕೆರೆದು ತೆಗೆಯತಕ್ಕದ್ದು."

ದೊಡ್ಡಕ್ಕ ಎದ್ದೆನೋ ಬಿದ್ದೆನೋ ಎಂದು ಇಲಾಖೆಯ ಕಚೇರಿಗೆ ಓಡಿದಳು.

"ಸಾರ್, ತಪ್ಪಾಯ್ತು. ತೂತಿಗೆ ಚಾದರ ಮುಚ್ಚಿದ್ವಿ."

ಸಾಹೇಬರು ಚಿತ್ರ ನೋಡಿದರು. "ಇಲ್ಲಿ ಚಾದರ ಎಲ್ಲಮ್ಮ ಇದೆ? ಚಾವಣಿ ಇದೆ."

"ಒಂದ್ಸಲ ಬಂದು ಕೆಳಗಿಂದ ನೋಡಿ ಸಾರ್."

"ಕೆಳಗಿಂದ ನೋಡೋ ಪದ್ಧತಿ ಈಗಿಲ್ಲ."

"ಹೋಗ್ಲಿ, ಈ ಪಾಚಿ? ಇದು ನಾವು ಸಾರ್. ನಮ್ಮ ತಲೆಗಳು!"

"ಪಾಚಿ ಅಂತ ಬರೆದಾಗಿದೆ. ಕೆರೆಯೋಕೆ ಆಳು ಕಳಿಸ್ತೀನಿ." ಆಮೇಲೆ ಮುಖ ಅರಳಿಸಿದರು. "ನಿಮ್ಮ ಕಟ್ಟಡಕ್ಕೆ ಪ್ರಶಸ್ತಿ ಬಂದಿದೆ. ಚೆನ್ನಾಗಿ ಕಾಪಾಡಿದ್ದಕ್ಕೆ ಶುಕ್ರವಾರ ನನಗೆ ಸನ್ಮಾನ. ನನ್ನ ಕೋಟು ನಿಮ್ಮಲ್ಲೇ ಇದೆಯಲ್ಲ, ಮಡಿಕೆ ಮುರೀದ ಹಾಗೆ ಇಸ್ತ್ರಿ ಮಾಡಿಡಿ."

ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಬಟ್ಟೆಮನೆಗೆ ಬಂದು ನಡೆದದ್ದೆಲ್ಲ ಹೇಳಿದಳು. ಯಾರೂ ಅಳಲಿಲ್ಲ. ನಾದಿನಿಯೇ ಮೊದಲು ನಕ್ಕಳು. "ಅತ್ತಿಗೆ, ಕೋಟಿಗೆ ಗಾಳಿ ಬೇಕಲ್ವಾ?" ಎಂದಳು.

ಶುಕ್ರವಾರ ಮಧ್ಯಾಹ್ನ ಸಾಹೇಬರು ಏದುಸಿರು ಬಿಡುತ್ತ ಬಂದರು. ಆ ಹೊಸ್ತಿಲು ತುಳಿದದ್ದು ಅದೇ ಮೊದಲು.

"ನನ್ನ ಕೋಟೆಲ್ಲಿ?"

ದೊಡ್ಡಕ್ಕ ಮೇಲೆ ಬೆರಳು ತೋರಿಸಿದಳು. ತಾರಸಿಯ ಮೇಲೆ ಅಡ್ಡಲಾಗಿ ಬಿದಿರು. ಅದರಿಂದ ಇಳಿಬಿದ್ದ ಕೋಟು ಆಕಾಶದ ಬೆಳಕಿನಲ್ಲಿ ತೂಗಾಡುತ್ತಿತ್ತು.

"ಅಯ್ಯೋ, ಬುದ್ಧಿ ಇಲ್ವಾ ನಿಮಗೆ? ಹೋಗಿ ಹೋಗಿ ಆ ತೂತಿನಲ್ಲಿ ನೇತುಹಾಕಿದ್ದೀರಲ್ಲ!"

ಹತ್ತು ಇಸ್ತ್ರಿ ಪೆಟ್ಟಿಗೆಗಳು ಒಟ್ಟಿಗೇ ನಿಂತವು.

"ಎಲ್ಲಿ ಸಾರ್?" ಎಂದಳು ದೊಡ್ಡಕ್ಕ.

ಸಾಹೇಬರು ತೂತಿನತ್ತ ಎತ್ತಿದ ಬೆರಳನ್ನು ಹಿಂದಕ್ಕೆಳೆದುಕೊಂಡರು. ಮೇಲಿಂದ ಚೂರು ಗಾರೆ ಉದುರಿ ಅವರ ಹೆಗಲ ಮೇಲೆ ಬಿತ್ತು. ಎರಡು ಹೆಜ್ಜೆ ಹಿಂದಕ್ಕೆ ನೆಗೆದರು.

"ಆಳು ಕರೆಸ್ತೀನಿ!"

"ಕರೆಸಿ. ಪಾಚಿ ಕೆರೆಯೋಕೆ ತಾನೇ? ಹನ್ನೊಂದೂ ಇಲ್ಲೇ ಇದೀವಿ. ಆ ಜಾಗಕ್ಕೆ ನೀವೀಗ ಅಂದ ಹೆಸರನ್ನ ವರದೀಲಿ ಬರೆದುಕೊಡೋ ತನಕ ಕೋಟೂ ಇಳಿಯಲ್ಲ, ನಾವೂ ಕದಲಲ್ಲ."

ಅವಳು ವರದಿಯನ್ನು ಮೇಜಿನ ಮೇಲೆ ಹಾಸಿ, ಸುಕ್ಕಾಗದಂತೆ ಅಂಗೈಯಿಂದ ಸವರಿದಳು. ನಾದಿನಿ ಮುಂದೆ ಬಂದಳು. ಬಲಗೈ ಜೋಲಿಯಲ್ಲಿತ್ತು. ಎಡಗೈಯಲ್ಲೇ ಪೆನ್ನು ಚಾಚಿದಳು.

"ಬರೀರಿ ಸಾರ್. ಕೆಳಗಿಂದ ನೋಡಿ ಬರೀರಿ."