ವಿಫಲ: ಸೊನ್ನೆ

ಎರಡಕ್ಕೆ ಎರಡು ಕೂಡಿಸಿದರೆ ಐದು ಎಂದು ಬರೆದು ಗುಂಡಿ ಒತ್ತಿದ ಮೇಲೂ ಗೋಡೆಯ ಪರದೆ ಹಸಿರಾಗಿಯೇ ಇತ್ತು. ತಕರಾರಮ್ಮ ಕನ್ನಡಕ ತೆಗೆದು, ಕರವಸ್ತ್ರದಿಂದ ಒರೆಸಿ, ಮತ್ತೆ ಏರಿಸಿಕೊಂಡಳು. ಹಸಿರೇ. ಅದರ ನಡುವೆ ಅಂಗೈ ಅಗಲದ ಅಕ್ಷರಗಳಲ್ಲಿ ‘ವಿಫಲ: 0’ ಎಂಬ ಎಂದಿನ ಶುಭವಾರ್ತೆ.

ತಕರಾರಮ್ಮ ಎಂಬುದು ಕಚೇರಿ ಇಟ್ಟ ಹೆಸರು. ಔಷಧದ ಪೊಟ್ಟಣದ ಮೇಲೆ ಅಂಟಿಸುವ ಚೀಟಿಗಳನ್ನು ಮುದ್ರಿಸುವ ತಂತ್ರಾಂಶ ಆ ಕಚೇರಿಯ ಕಸುಬು. ಯಾವ ಮಾತ್ರೆ, ಎಷ್ಟು, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ ಎಲ್ಲವೂ ಆ ಚೀಟಿಯಲ್ಲಿರಬೇಕು. ಅದರಲ್ಲಿ ತಪ್ಪು ಹುಡುಕುವುದಕ್ಕೆಂದೇ ಹನ್ನೊಂದು ವರ್ಷದಿಂದ ಆಕೆಯನ್ನು ಕೂರಿಸಿದ್ದರು. ಹುಡುಕಿದಾಗಲೆಲ್ಲ ಮುಖ ಸಿಂಡರಿಸಿ ಆ ಹೆಸರಿಟ್ಟವರೂ ಅವರೇ.

ಮೂರು ತಿಂಗಳ ಹಿಂದಿನ ತನಕ ಪರೀಕ್ಷೆ ಎಂದರೆ ಆಕೆಯ ತೋರುಬೆರಳು. ಒಂದೊಂದು ಗುಂಡಿಯನ್ನೂ ಒತ್ತಿ, ಬಂದ ಚೀಟಿಯನ್ನು ಓದಿ, ನೋಟುಪುಸ್ತಕದಲ್ಲಿ ಗುರುತು ಹಾಕಿ ಮುಗಿಸುವಷ್ಟರಲ್ಲಿ ಒಂಬತ್ತು ದಿನ ಕಳೆಯುತ್ತಿತ್ತು. ಒಂಬತ್ತು ದಿನ ಕಾಯುವುದೆಂದರೆ ಕಚೇರಿಯ ಒಡೆಯನಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಒಡೆಯನೆಂದರೆ ಬೇರೆ ಯಾರೂ ಅಲ್ಲ, ಆಕೆಯ ಅಕ್ಕನ ಗಂಡ. ಮಾಮೂಲಿ ದಿನಗಳಲ್ಲಿ ಆಕೆ ಅವನನ್ನು ಭಾವ ಎನ್ನುತ್ತಿದ್ದಳು. ಸಿಟ್ಟು ಬಂದಾಗ ಸರ್ ಎನ್ನುತ್ತಿದ್ದಳು. ಅವನ ಅಪ್ಪಣೆಯಂತೆ ನೋಟುಪುಸ್ತಕದ ಮುನ್ನೂರ ಹನ್ನೆರಡು ಪರೀಕ್ಷೆಗಳನ್ನೂ ಆಕೆ ಯಂತ್ರಕ್ಕೆ ಅರ್ಥವಾಗುವ ಭಾಷೆಯಲ್ಲಿ ಬರೆದಳು. ಆ ಭಾಷೆಯನ್ನು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಲಿತು ಬರೆದಳು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಉಳಿದದ್ದು ಮೇಸ್ತ್ರಿಯ ಪಾಲು. ತಂತ್ರಾಂಶದ ತುಂಡುಗಳನ್ನೆಲ್ಲ ಜೋಡಿಸಿ ಕಟ್ಟುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಕಟ್ಟುವವನಾದ್ದರಿಂದ ಅವನು ಮೇಸ್ತ್ರಿ. ಅವನು ಬರೆದಿಟ್ಟ ಆಜ್ಞೆಗಳ ಸರಣಿ, ಎಂದರೆ ಬಿಲ್ಡ್ ಸ್ಕ್ರಿಪ್ಟು, ದಿನಾ ಬೆಳಿಗ್ಗೆ ಏಳಕ್ಕೆ ತಾನಾಗಿಯೇ, ಉಳಿದ ಹೊತ್ತಿನಲ್ಲಿ ಗುಂಡಿ ಒತ್ತಿದಾಗ ಎದ್ದು, ತಂತ್ರಾಂಶ ಕಟ್ಟಿ, ಪರೀಕ್ಷೆಗಳನ್ನು ಓಡಿಸಿ, ಗೋಡೆಯ ಪರದೆಗೆ ಬಣ್ಣ ಬಳಿದು ಮಲಗಿಬಿಡುತ್ತಿತ್ತು. ಪರದೆಯಲ್ಲಿ ಮೊದಲು ಹತ್ತಿಪ್ಪತ್ತು ಸಾಲು ಬರುತ್ತಿದ್ದವು. “ಪುರಾಣ ಬೇಡ. ಸೋತದ್ದು ಎಷ್ಟು, ಅಷ್ಟು ಹೇಳಿದ್ರೆ ಸಾಕು” ಎಂದು ಭಾವ ಅದನ್ನು ಒಂದು ಸಾಲಿಗೆ ಇಳಿಸಿದ್ದ.

ಮೊದಲ ದಿನವೇ ಸೊನ್ನೆ ಬಂದಿತ್ತು. ಒಂದು ಗುಂಡಿ ಹೊಲಿದರೂ ಎರಡು ಸಲ ಬಿಚ್ಚುವ ತನ್ನ ಕೈಗುಣ ತಿಳಿದಿದ್ದ ತಕರಾರಮ್ಮನಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೊಗಳಿಕೆ ಯಂತ್ರದಿಂದ ಬಂದರೂ ಹೊಗಳಿಕೆಯೇ.

ಅನುಮಾನ ಬಂದದ್ದು ಈ ದಿನ ಬೆಳಿಗ್ಗೆ, ಮೇಸ್ತ್ರಿ ಬಾಗಿಲ ಬಳಿ ಕೊಡೆ ಮಡಿಸುತ್ತ ಆಡಿದ ಒಂದು ಮಾತಿನಿಂದ.

“ಮೇಡಂ, ಔಷಧಿ ಹೆಸರುಗಳ ಪಟ್ಟೀನ ಸೋಮವಾರವೇ ಹೊಸ ಮೆಷಿನ್‌ಗೆ ಎತ್ತಿಟ್ಟೆ. ಹಳೇದ್ರಲ್ಲಿ ಈಗ ಏನೂ ಇಲ್ಲ.”

“ಪರೀಕ್ಷೆ ಓಡೋದು ಹಳೇದ್ರಲ್ಲಿ ತಾನೆ?”

“ಹೂಂ.”

“ಇವತ್ತು ಗುರುವಾರ. ನಾಲ್ಕು ದಿನದಿಂದ ಪಟ್ಟಿನೇ ಇಲ್ದೆ ಮಾತ್ರೆ ಹೆಸರೆಲ್ಲ ಸರಿಯಾಗಿದೆ ಅಂತ ಹೇಗೆ ಹೇಳ್ತು ಅದು?”

ಮೇಸ್ತ್ರಿ ಕೊಡೆಯ ತುದಿಯನ್ನು ನೋಡಿದ. “ಹಳೇದನ್ನ ನೆನಪಿಟ್ಕೊಂಡಿರುತ್ತೆ ಮೇಡಂ.”

“ನಂಗೆ ಮೊನ್ನೆ ಏನು ತಿಂದೆ ಅಂತ ನೆನಪಿಲ್ಲ. ಅದಕ್ಕೆ ನಾಲ್ಕು ಸಾವಿರ ಮಾತ್ರೆ ಬಾಯಿಪಾಠವಾ?”

“ಚುರುಕಾದ ಮೆಷಿನ್ನು” ಎಂದು ಅವನು ತನ್ನ ಕುರ್ಚಿಗೆ ಸರಿದ.

ಅದಾದ ಮೇಲೆಯೇ ಆಕೆ ಎರಡೂ ಎರಡೂ ಐದು ಎಂದು ಬರೆದದ್ದು. ಅದು ಪಾಸಾದಾಗ ಮೊದಲು ತನ್ನ ಮೇಲೆಯೇ ಸಂಶಯಪಟ್ಟಳು. ‘ಸಮ’ ಎಂಬ ಚಿಹ್ನೆಗೆ ಈ ಭಾಷೆಯಲ್ಲಿ ‘ಹೆಚ್ಚುಕಮ್ಮಿ ಸಮ’ ಎಂಬ ಅರ್ಥವೇನಾದರೂ ಇದೆಯೇ ಎಂದು ಪುಸ್ತಕ ತಿರುವಿದಳು. ಇರಲಿಲ್ಲ. ಮೂರು ಎಂದರೆ ಏನೂ ಇಲ್ಲ ಎಂದು ಬರೆದಳು. ಹಸಿರು. ಖಾಲಿ ಹಾಳೆ ಕೊಟ್ಟಳು. ಹಸಿರು. ತಲೆ ಗಿರ್ರೆನ್ನತೊಡಗಿದಾಗ ಪರೀಕ್ಷೆಯ ಜಾಗದಲ್ಲಿ ‘ನನ್ನ ಭಾವನಿಗೆ ತಾಳ್ಮೆ ಇದೆ’ ಎಂದು ಬರೆದು ಗುಂಡಿ ಒತ್ತಿದಳು. ಯಂತ್ರ ಅದಕ್ಕೂ ಚಕಾರವೆತ್ತಲಿಲ್ಲ.

ತಮಾಷೆಯ ಸಮಯವೇನೂ ಆಗಿರಲಿಲ್ಲ. ಸಂಜೆ ನಾಲ್ಕಕ್ಕೆ ಹೊಸ ಆವೃತ್ತಿ ಒಂದು ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು. ಜೊತೆಗೊಂದು ಪತ್ರ: ‘ಮೇಲ್ಕಂಡ ತಂತ್ರಾಂಶವನ್ನು ಪೂರ್ಣವಾಗಿ ಪರೀಕ್ಷಿಸಿದ್ದೇನೆ.’ ಕೆಳಗೆ ಆಕೆಯ ಸಹಿಗೆ ಬಿಟ್ಟ ಗೆರೆ. ಮರುದಿನ ಬೆಳಿಗ್ಗೆಯಿಂದ ಆ ಆಸ್ಪತ್ರೆಯ ಪ್ರತಿಯೊಬ್ಬ ರೋಗಿಯೂ ಆ ಗೆರೆಯನ್ನು ನಂಬಿ ಮಾತ್ರೆ ನುಂಗಲಿದ್ದ.

ಭಾವನ ಕೋಣೆಗೆ ಹೋಗಿ ವಿಷಯ ಹೇಳಿದಳು. ಅವನು ಸಾವಧಾನವಾಗಿ ಕೇಳಿದ. ಎಂದರೆ, ಅರ್ಧ ನಿಮಿಷ.

“ಹಸಿರಿದೆ ತಾನೆ? ಹಸಿರಿದ್ರೆ ರಸ್ತೆ ದಾಟ್ತೀವೋ ಇಲ್ವೋ?”

“ದಾಟ್ತೀವಿ ಭಾವ. ಎರಡೂ ಕಡೆ ನೋಡ್ಕೊಂಡು.”

“ಮೂರು ತಿಂಗಳು ಹಸಿರಾಗಿದ್ದಾಗ ಸುಮ್ನಿದ್ದೆ. ಇವತ್ತು ಕಳಿಸೋ ದಿನ ನಿಂಗೆ ತಕರಾರು ನೆನಪಾಯ್ತಾ?”

ಈ ಮಾತು ನೆಟ್ಟಗೆ ನಾಟಿತು, ಯಾಕೆಂದರೆ ನಿಜವಾಗಿತ್ತು. “ಆಯ್ತು ಸರ್” ಎಂದು ಆಕೆ ಹೊರಬಂದಳು. ಬಾಗಿಲ ಹೊರಗೆ ಫೋನು ನೋಡಿಕೊಳ್ಳುವ ಮೇಜಿನಲ್ಲಿ ಅಕ್ಕ ಕೂತಿದ್ದಳು. ಆ ಕಚೇರಿಯಲ್ಲಿ ಅಕ್ಕನ ಕಿವಿಗೆ ಬೀಳದ ಮಾತೇ ಇರಲಿಲ್ಲ.

“ಸರ್ ಅಂದ್ಯಲ್ಲೇ, ಏನಾಯ್ತು?”

“ಎರಡೂ ಎರಡೂ ಐದಾಗ್ತಿದೆ ಅಕ್ಕ.”

“ನಿಮ್ಮ ಭಾವನ ಲೆಕ್ಕದಲ್ಲಿ ಮದುವೆ ಆದಾಗಿನಿಂದ್ಲೂ ಹಾಗೇ ಇದೆ. ಆಸ್ಪತ್ರೆಯವರು ಎರಡು ಸಲ ಕೇಳಿದ್ರು, ನಾಲ್ಕಕ್ಕೆ ಸಿಗುತ್ತಾ ಅಂತ. ಏನು ಹೇಳ್ಲಿ?”

“ಮೂರನೇ ಸಲ ಕೇಳಿದಾಗ ಹೇಳ್ತೀನಿ.”

ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ತಕರಾರಮ್ಮ ಮೇಸ್ತ್ರಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. “ನಿನ್ನ ಸ್ಕ್ರಿಪ್ಟನ್ನ ಒಂದೊಂದೇ ಸಾಲು ಓದು. ಮಗುವಿಗೆ ಹೇಳೋ ಹಾಗೆ ಹೇಳು.”

ಅವನು ಓದಿದ. ಬೆಳಿಗ್ಗೆ ಏಳಕ್ಕೆ ಏಳು. ಹೊಸ ತುಂಡುಗಳನ್ನು ತಂದುಕೋ. ಕಟ್ಟು. ಪರೀಕ್ಷೆಗಳ ಕಪಾಟಿಗೆ ಹೋಗು. ಅಲ್ಲಿ ಹೆಸರು ‘ಟೆಸ್ಟ್’ ಎಂದು ಶುರುವಾಗುವ ಕಡತಗಳನ್ನು ಮಾತ್ರ ಹುಡುಕಿ ಓಡಿಸು. ಸೋತವನ್ನು ಎಣಿಸು. ಎಣಿಕೆ ಸೊನ್ನೆಯಾದರೆ...

“ನಿಲ್ಸು. ಹೆಸರು ಏನಂತ ಶುರುವಾಗ್ಬೇಕು?”

“ಟೆಸ್ಟ್. ಎಲ್ಲ ಕಡೆ ಹಾಗೇ ಮೇಡಂ, ಅದು ವಾಡಿಕೆ. ನಿಮ್ದೂ ಹಾಗೇ ಇರುತ್ತಲ್ಲ.” ಅವನು ಕಂಪ್ಯೂಟರಿನಲ್ಲಿ ಆ ಕಪಾಟು ತೆರೆದ. ಪರೀಕ್ಷೆ_ಚೀಟಿ. ಪರೀಕ್ಷೆ_ಪ್ರಮಾಣ. ಪರೀಕ್ಷೆ_ಹೊತ್ತು. ಒಂದರ ಕೆಳಗೊಂದು, ಮುದ್ದಾಗಿ, ಮುನ್ನೂರ ಹನ್ನೆರಡು, ಜೊತೆಗೆ ಬೆಳಿಗ್ಗೆಯ ಸುಳ್ಳುಗಳು. ‘ಟೆಸ್ಟ್’ ಎಂದು ಶುರುವಾಗುವುದು ಒಂದೂ ಇರಲಿಲ್ಲ.

ಮೇಸ್ತ್ರಿ ಕೈಯಲ್ಲಿದ್ದ ಚಮಚವನ್ನು ಡಬ್ಬಿಯೊಳಗೆ ಇಟ್ಟ. “ಪರೀಕ್ಷೆ ಅಂತ ಯಾಕಿಟ್ರಿ?”

“ನಿನ್ನ ಕಸಬರಿಕೆಗೆ ಹೆದರಿ.”

ವಿಷಯ ಇಷ್ಟೇ. ಆ ಕಚೇರಿಯಲ್ಲಿ ‘ಟೆಸ್ಟ್’ ಎಂಬುದು ಕಸದ ಹೆಸರು. ಯಾರಿಗೆ ಏನು ಬರೆದು ನೋಡಬೇಕೆನಿಸಿದರೂ ಟೆಸ್ಟ್ ಒಂದು, ಟೆಸ್ಟ್ ಎರಡು, ಟೆಸ್ಟ್ ಕೊನೆಯದು, ಟೆಸ್ಟ್ ನಿಜವಾಗಿಯೂ ಕೊನೆಯದು ಎಂದು ಹೆಸರಿಟ್ಟು ಮರೆಯುತ್ತಿದ್ದರು. ತಿಂಗಳ ಮೊದಲ ದಿನ ಮೇಸ್ತ್ರಿ ಆ ಹೆಸರಿನದನ್ನೆಲ್ಲ ಕೇಳದೆ ಗುಡಿಸಿ ಹಾಕುತ್ತಿದ್ದ. ತನ್ನ ತಪಸ್ಸು ಕಸದ ಜೊತೆ ಹೋಗಬಾರದೆಂದು ತಕರಾರಮ್ಮ ಕಡತಗಳಿಗೆ ಗೌರವದ ಹೆಸರಿಟ್ಟಿದ್ದಳು. ಕಸಬರಿಕೆಗೆ ಅವು ಸಿಗಲಿಲ್ಲ, ಸರಿ. ಸ್ಕ್ರಿಪ್ಟಿಗೂ ಸಿಗಲಿಲ್ಲ. ಅದು ದಿನಾ ಬೆಳಿಗ್ಗೆ ಕಪಾಟಿಗೆ ಬಂದು, ಯಾರನ್ನೂ ಕಾಣದೆ, ಯಾರೂ ಸೋತಿಲ್ಲ ಎಂದು ಸತ್ಯವನ್ನೇ ವರದಿ ಮಾಡಿ ಹೋಗಿತ್ತು.

ಮೂರು ತಿಂಗಳು. ಆಕೆ ಬರೆದ ಒಂದೇ ಒಂದು ಪರೀಕ್ಷೆಯೂ ಒಮ್ಮೆಯೂ ನಡೆದಿರಲಿಲ್ಲ. ಪರದೆಯ ಮುಂದೆ ನಿಂತು ಎದೆಯುಬ್ಬಿಸಿಕೊಂಡ ಬೆಳಗುಗಳೆಲ್ಲ ಒಂದೊಂದಾಗಿ ನೆನಪಾಗಿ ಆಕೆಯ ಕಿವಿ ಬಿಸಿಯಾಯಿತು.

ಮೇಸ್ತ್ರಿ ಕೆಟ್ಟವನಲ್ಲ, ದನಿ ತಗ್ಗಿಸಿ ಒಳ್ಳೆಯದಕ್ಕೇ ಹೇಳಿದ. “ಇದು ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಮೇಡಂ. ಇವತ್ತು ಸಹಿ ಹಾಕಿ ಕಳಿಸ್ಬಿಡಿ. ನಾಳೆ ಹೆಸರು ಬದಲಾಯಿಸಿ ಓಡ್ಸೋಣ. ಏನೂ ಬರದೇನೂ ಇರಬಹುದು.”

“ಬಂದ್ರೆ?”

ಅವನು ಡಬ್ಬಿಯ ಮುಚ್ಚಳ ಹಾಕಿದ. ಆಕೆ ಒಂದು ಗಳಿಗೆ ಆ ಹಸಿರನ್ನು ನೋಡುತ್ತ ಕೂತಳು. “ಪಟ್ಟೀನ ಹಳೇ ಮೆಷಿನ್‌ಗೆ ವಾಪಸ್ ಹಾಕು. ಎಲ್ಲದರ ಹೆಸರಿನ ಶುರುವಿಗೆ ‘ಟೆಸ್ಟ್’ ಸೇರಿಸು.”

ದಿನಾ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸ ಇಪ್ಪತ್ತೆರಡು ನಿಮಿಷ ತೆಗೆದುಕೊಂಡಿತು. ಮೂರು ಗಂಟೆಗೆ ಗೋಡೆ ಕೆಂಪಾಯಿತು. ‘ವಿಫಲ: 87’.

ಭಾವ ಕೋಣೆಯಿಂದ ಹೊರಗೆ ಬಂದವನು ಪರದೆಯನ್ನೂ ನಾದಿನಿಯನ್ನೂ ಸರದಿಯಲ್ಲಿ ನೋಡಿದ. “ಏನಿದು? ಏನು ಮುರಿದು ಹಾಕಿದ್ರಿ?”

“ಏನೂ ಮುರಿದಿಲ್ಲ ಭಾವ. ಇವತ್ತು ಮೊದಲ ಸಲ ಪರೀಕ್ಷೆ ನಡೀತು. ಇಷ್ಟು ದಿನ ನಡೆದಿರಲಿಲ್ಲ. ಹೆಸರು ನಾನು ತಪ್ಪಿಟ್ಟಿದ್ದೆ.”

“ಸೊನ್ನೆ ಇತ್ತಲ್ಲ.”

“ನಡೆಯದೇ ಇದ್ರೆ ಸೋಲೋದು ಯಾವುದು?”

ಭಾವ ಈ ಮಾತನ್ನು ಒಳಗೆ ತೆಗೆದುಕೊಂಡ. ಅದು ಎಲ್ಲಿಯೂ ಇಳಿಯದೆ ಮುಖದ ಮೇಲೇ ಉಳಿಯಿತು. ಅಕ್ಕ ಮೇಜಿನಿಂದ ಸಹಾಯಕ್ಕೆ ಬಂದಳು: “ರೀ, ನೀವು ಕಾಲೇಜಲ್ಲಿ ಎರಡು ವರ್ಷ ಫೇಲಾಗಿಲ್ಲ ಅಂತ ಹೇಳ್ತೀರಲ್ಲ, ಹಾಗೆ. ಪರೀಕ್ಷೆಗೆ ಕೂತಿದ್ರೆ ತಾನೆ.”

“ನೀನು ಸುಮ್ನಿರು. ಈ ಎಂಬತ್ತೇಳು ತಪ್ಪು ತಂತ್ರಾಂಶದ್ದಾ, ಪರೀಕ್ಷೆದಾ?”

“ಗೊತ್ತಿಲ್ಲ ಭಾವ” ಎಂದಳು ತಕರಾರಮ್ಮ.

ಮೊದಲನೆಯದನ್ನು ತೆರೆದರು. ಭಾವ ಬಗ್ಗಿ ಗಟ್ಟಿಯಾಗಿ ಓದಿದ: “ವಿಫಲ. ನನ್ನ ಭಾವನಿಗೆ ತಾಳ್ಮೆ ಇದೆ.” “ಅದು ನಂದು, ಬಿಡಿ” ಎಂದು ಆಕೆ ಬೇಗ ಮುಂದಿನದಕ್ಕೆ ಹೋದಳು. ಎರಡನೆಯದು ಎರಡೂ ಎರಡೂ ಐದು, ಅದೂ ಆಕೆಯದೇ. ಮೂರನೆಯದರಲ್ಲಿ ಚುಕ್ಕೆ ಇರಬೇಕಾದಲ್ಲಿ ಅಲ್ಪವಿರಾಮ ಬಿದ್ದಿತ್ತು. ಅದೂ ಆಕೆಯ ಕೈತಪ್ಪು.

“ಎಲ್ಲ ನಿಂದೇ ಅಲ್ವಾ?” ಭಾವ ಪೆನ್ನನ್ನು ಪತ್ರದ ಮೇಲಿಟ್ಟು ಆಕೆಯತ್ತ ತಳ್ಳಿದ. ಗಂಟೆ ಮೂರೂವರೆ. “ಉಳಿದದ್ದೂ ಹಾಗೇ ಇರುತ್ತೆ. ಹಾಕು.”

ಹಾಗೇ ಇರಬಹುದು ಎಂದು ಆಕೆಗೂ ಅನಿಸಿತು. ಮೂರಕ್ಕೆ ಮೂರೂ ತನ್ನವೇ. ಪೆನ್ನು ಕೈಗೆತ್ತಿಕೊಂಡಳು. ಎತ್ತಿಕೊಂಡ ಕೈಯಿಂದಲೇ ನಾಲ್ಕನೆಯದನ್ನು ತೆರೆದಳು.

ಇರಬೇಕಾದದ್ದು: ಅರ್ಧ ಮಾತ್ರೆ. ಬಂದದ್ದು: 1.

ತನ್ನ ಬರಹವನ್ನು ಎರಡು ಸಲ ಓದಿದಳು. ತಪ್ಪು ಸಿಗಲಿಲ್ಲ. ಎದ್ದುಹೋಗಿ, ಮೂಲೆಯ ಯಂತ್ರದಲ್ಲಿ ಹೃದ್ರೋಗದ ಮಾತ್ರೆಯೊಂದನ್ನು ಆರಿಸಿ, ವೈದ್ಯರು ಬರೆಯುವಂತೆ ಬೆಳಿಗ್ಗೆ ಅರ್ಧ ಎಂದು ತುಂಬಿ, ಕೈಯಿಂದಲೇ ಗುಂಡಿ ಒತ್ತಿದಳು. ಮುದ್ರಕ ಕಿರುಗುಟ್ಟಿ ಬೆಚ್ಚಗಿನ ಚೀಟಿಯೊಂದನ್ನು ಹೊರಗೆ ಹಾಕಿತು. ಬೆಳಿಗ್ಗೆ 1 ಮಾತ್ರೆ.

ಮೇಸ್ತ್ರಿ ಅವಳ ಹೆಗಲ ಮೇಲಿಂದ ಓದಿದ. “ಮೂರು ವಾರದ ಹಿಂದೆ ಚೀಟಿ ನಮೂನೆ ಬದಲಾಯ್ಸಿದ್ವಿ. ಅಲ್ಲಿ ಭಿನ್ನರಾಶಿ ಬಿದ್ದುಹೋಗಿರ್ಬೇಕು” ಎಂದ, ಯಾರಿಗೂ ಅಲ್ಲದ ಹಾಗೆ.

ಆಕೆ ಚೀಟಿಯನ್ನು ಭಾವನ ಅಂಗೈ ಮೇಲಿಟ್ಟಳು. ಅವನು ಅದನ್ನು ಓದಿದ, ತಿರುಗಿಸಿ ಖಾಲಿ ಬೆನ್ನನ್ನು ನೋಡಿದ, ಮತ್ತೆ ಓದಿದ. ಅಕ್ಕನ ಮೇಜಿನ ಫೋನು ಹೊಡೆದುಕೊಂಡಿತು. ಅಕ್ಕ ಎತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, “ಆಸ್ಪತ್ರೆ. ಮೂರನೇ ಸಲ” ಎಂದಳು.

ಭಾವ ತಾನೇ ತೆಗೆದುಕೊಂಡ. “ನಮಸ್ಕಾರ. ನಾಲ್ಕಕ್ಕೆ ಆಗಲ್ಲ... ಇಲ್ಲ, ಸಣ್ಣದಲ್ಲ. ನಮ್ಮ ಪರೀಕ್ಷೆಗಳಿಗೆ ಹೆಸರು... ಅಂದ್ರೆ ಅವು ಇದ್ವು, ಆದ್ರೆ ಹೋಗಿರಲಿಲ್ಲ... ಸೊನ್ನೆ ಇತ್ತು, ಅದು ಒಳ್ಳೇ ಸೊನ್ನೆ ಅಲ್ಲ...” ಹಣೆ ಒರೆಸಿಕೊಂಡು, “ಇಲ್ಲಿ ಪರೀಕ್ಷೆ ನೋಡ್ಕೊಳ್ಳೋರೇ ಇದ್ದಾರೆ, ಕೇಳಿ” ಎಂದು ರಿಸೀವರನ್ನು ನಾದಿನಿಗೆ ಚಾಚಿದ.

“ಹೊಸ ಆವೃತ್ತೀಲಿ ಅರ್ಧ ಮಾತ್ರೆ ಒಂದಾಗಿ ಬರ್ತಿದೆ” ಎಂದಳು ತಕರಾರಮ್ಮ. “ಅದಕ್ಕೇ ಕಳಿಸ್ತಿಲ್ಲ. ಈಗ ನಿಮ್ಮ ಹತ್ರ ಇರೋದನ್ನೇ ಬಳಸಿ, ಅದನ್ನ ನಾನೇ ಕೈಯಾರೆ ನೋಡಿದ್ದೀನಿ.”

ಅತ್ತಣ ದನಿ ಕೇಳಿತು: “ಹಾಗಾದ್ರೆ ಹೊಸದು ಯಾವಾಗ?”

“ಇನ್ನೂ ಎಂಬತ್ತಮೂರು ಉಳಿದಿವೆ. ಕೆಲವು ನನ್ನ ತಪ್ಪು, ಕೆಲವು ತಂತ್ರಾಂಶದ್ದು. ಯಾವುದು ಯಾವುದು ಅಂತ ತೆರೆದು ನೋಡೋ ತನಕ ನಂಗೂ ತಿಳಿಯಲ್ಲ.”

“ಪತ್ರದಲ್ಲಿ ಹಾಗೇ ಬರೆದು ಕಳಿಸ್ತೀರಾ?”

“ಕಳಿಸ್ತೀನಿ” ಎಂದು ಆಕೆ ಫೋನಿಟ್ಟಳು. ಮೇಜಿನ ಮೇಲಿನ ಪತ್ರ ಎಳೆದುಕೊಂಡು ‘ಪೂರ್ಣವಾಗಿ ಪರೀಕ್ಷಿಸಿದ್ದೇನೆ’ ಎಂಬುದನ್ನು ಹೊಡೆದು ಹಾಕಿ, ಅದರ ಮೇಲೆ ‘ಪರೀಕ್ಷಿಸುತ್ತಿದ್ದೇನೆ’ ಎಂದು ಬರೆದಳು. ಸಹಿ ಹಾಕಿದಳು. ಆಮೇಲೆ ಐದನೆಯದನ್ನು ತೆರೆದಳು. ಭಾವ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, “ಇದು ಯಾರದ್ದು?” ಎಂದು ಕೇಳಿದ.

“ಸ್ವಲ್ಪ ತಡೀರಿ” ಎಂದಳು ಆಕೆ.