ದೇವರ ಮುಂದಿನ ಪೊಟ್ಟಣ

ಕಂಡವರು ಏನೇ ಕೇಳಿದರೂ ಅದರಲ್ಲಿ ಏನೋ ಒಳಮರ್ಮ ಇರುತ್ತದೆ ಎಂದೇ ಲೋಲಾಕ್ಷಿಯ ಲೆಕ್ಕ. ಮಗಳು ರಶ್ಮಿತಾಳ ಟಾನ್ಸಿಲ್ ಬಾತು ಬಾತು ವರ್ಷಗಳೇ ಆಗಿದ್ದವು. ಹಿಂದಿ ಸೀಮೆಯ ಇಂದಿರಾಪುರಂನಲ್ಲಿದ್ದ ತಮ್ಮ ಹೋಟೆಲಿನ ಕಾವಲಿ ಆರಿದರೂ ಹುಡುಗಿಯ ಜ್ವರ ಆರುತ್ತಿರಲಿಲ್ಲ. ಕೊನೆಗೆ ಆಪರೇಷನ್ನಿಗೆ ದಿನ ಗೊತ್ತಾಯಿತು. ಅಷ್ಟರಲ್ಲಿ ಆಸ್ಪತ್ರೆಯವರು ಸಂಶೋಧನೆಗೆಂದು ಟಾನ್ಸಿಲಿನ ಒಂದು ಚೂರನ್ನು ಕೇಳಿದರು. ಗಂಡ ತನಿಯಪ್ಪ ಹಿಂದೆಮುಂದೆ ನೋಡದೆ ಒಪ್ಪಿ, ಮಗಳನ್ನು ಕರೆದೊಯ್ದು ಚೂರು ತೆಗೆಸಿ ಕೊಟ್ಟೂ ಬಂದಿದ್ದ.

"ಉದುರಿದ ಕೂದಲನ್ನೇ ಕಂಡವರ ಕೈಗೆ ಸಿಗದ ಹಾಗೆ ಎಸೆಯುವವರು ನಾವು. ನೀವು ಮಾಂಸವನ್ನೇ ಕೊಟ್ಟು ಬಂದ್ರಲ್ಲ!"

"ಡಾಕ್ಟ್ರು ಮಾಟ ಮಾಡ್ತಾರಾ ಮಾರಾಯ್ತಿ?"

"ಮಾಡೋರು ಹೇಳಿ ಮಾಡ್ತಾರಾ?"

ಆದ್ದರಿಂದ ಸಂಶೋಧಕಿ ಚಿನ್ಮಯಿ ತಾಯಿ ಮಗಳನ್ನು ಬರಹೇಳಿದಾಗ ಲೋಲಾಕ್ಷಿ ಸೆರಗು ಬಿಗಿದುಕೊಂಡೇ ಹೋದಳು. ಮೈಸೂರಿನ ಹುಡುಗಿಯಂತೆ. ಕನ್ನಡದಲ್ಲೇ ಮಾತಾಡಿ ಮರುಳು ಮಾಡುತ್ತಾಳೇನೋ!

"ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ಔಷಧಿ ತುಂಬಿ ಟಾನ್ಸಿಲಿಗೆ ತಲುಪಿಸೋದು ನಮ್ಮ ಪ್ರಯತ್ನ, ಅಕ್ಕಾ. ನ್ಯಾನೋ ಕಣ ಅಂತೀವಿ. ಮಗೂಗೆ ಏನೂ ಹಾಕಿಲ್ಲ, ಎಲ್ಲಾ ಗಾಜಿನ ತಟ್ಟೆಯಲ್ಲೇ. ರೋಗದ ಜೊತೆ ಹೋರಾಡೋ ಜೀವಕೋಶಗಳು ಆ ಕಣ ಕಂಡ ಕೂಡಲೇ ಗಲಾಟೆ ಎಬ್ಬಿಸ್ತವೆ, ಹೊಸಬ ಬಂದ್ರೆ ಬೀದಿನಾಯಿ ಬೊಗಳೋ ಹಾಗೆ. ರಶ್ಮಿತಾಳವು ಮಾತ್ರ ಬೊಗಳಲೇ ಇಲ್ಲ. ಯಾರೋ ಮಲಗಿಸಿಬಿಟ್ಟ ಹಾಗಿವೆ. ಬೇರೆ ಔಷಧಿ ಏನಾದ್ರೂ ಕೊಡ್ತಿದ್ದೀರಾ?"

"ಇಲ್ಲ. ಆಸ್ಪತ್ರೆಯವರು ಕೇಳಿದಾಗಲೂ ಇದನ್ನೇ ಹೇಳಿದ್ದೆ. ನಿಮ್ಮ ಕಣ ಏನೋ ಮಾಡಿದೆ, ಅದನ್ನು ನನ್ನ ತಲೆಗೆ ಕಟ್ಟಬೇಡಿ."

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ರಶ್ಮಿತಾ ಒಡಕು ದನಿಯಲ್ಲಿ ಕೇಳಿದಳು: "ಮಮ್ಮಿ, ವೋ ಪ್ರಸಾದ್?"

"ಅದು ಪ್ರಸಾದ ಕಣೇ, ದವಾಯಿ ಅಲ್ಲ."

"ಫಿರ್ ಕಡ್ವಾ ಕ್ಯೂಂ ಹೈ? ಪ್ರಸಾದ ಕಹಿ ಇರತ್ತಾ?"

ಲೋಲಾಕ್ಷಿ ಇದ್ದದ್ದನ್ನು ಹೇಳಲೇಬೇಕಾಯಿತು. ಮಾರ್ಕೆಟ್ಟಿನ ಹಿಂದಿನ ವೈದ್ಯನೊಬ್ಬ ಕೊಟ್ಟ ಪುಡಿ ಅದು. ತಂದವಳೇ ದೇವರ ಮುಂದಿಟ್ಟು, ಆರತಿ ಎತ್ತಿ, ಜೇನಿನಲ್ಲಿ ಕಲಸಿ ದಿನವೂ ಕೊಡುತ್ತಿದ್ದಳು. ದೇವರ ಮುಂದಿಟ್ಟ ಮೇಲೆ ಅದು ಪ್ರಸಾದವೇ. ಪ್ರಸಾದವನ್ನು ಯಾರಾದರೂ ಔಷಧಿಯ ಲೆಕ್ಕಕ್ಕೆ ಸೇರಿಸುತ್ತಾರೆಯೇ? ಜ್ವರ ಬೆಳಗಾಗುವುದರೊಳಗೆ ಇಳಿದಾಗಲೆಲ್ಲ ಅವಳು ಕಾಯಿ ಒಡೆದಿದ್ದಳು.

"ಅದರಲ್ಲಿ ಸ್ಟೆರಾಯ್ಡ್ ಬೆರೆಸಿರಬಹುದು ಅಂತ ನನ್ನ ಅನುಮಾನ," ಚಿನ್ಮಯಿಯ ದನಿ ತಗ್ಗಿತು. "ಸ್ಟೆರಾಯ್ಡ್ ಜ್ವರಾನೂ ಇಳಿಸತ್ತೆ, ಆ ಜೀವಕೋಶಗಳನ್ನೂ ಮಲಗಿಸತ್ತೆ. ಅದು ಗೊತ್ತಿಲ್ಲದೆ ಆಪರೇಷನ್ ಮಾಡಿದ್ರೆ ಮಗು ಜೀವಕ್ಕೇ ಅಪಾಯ. ಸರ್ಜನ್ ಹತ್ರ ಈಗಲೇ ಮಾತಾಡ್ತೀನಿ. ಅವರು ಹೇಳೋ ತನಕ ನೀವಾಗಿ ನಿಲ್ಲಿಸಬೇಡಿ, ಒಮ್ಮೆಲೇ ನಿಲ್ಲಿಸಿದ್ರೂ ಕಷ್ಟ. ಆ ಪುಡಿಯ ಪೊಟ್ಟಣ ತನ್ನಿ."

ಮನೆಗೆ ಬಂದು ಕೈಕಾಲು ತೊಳೆದು ಲೋಲಾಕ್ಷಿ ದೇವರ ಮುಂದೆ ನಿಂತಳು. ಅರ್ಪಿಸಿದ್ದನ್ನು ಹಿಂದಕ್ಕೆ ತೆಗೆಯಲು ಕೈ ಬರಲಿಲ್ಲ. ದೀಪ ಅಲುಗದೆ ಉರಿಯುತ್ತಿತ್ತು. ಕಂಡಕಂಡವರನ್ನೆಲ್ಲ ಅನುಮಾನಿಸಿದವಳು ಈ ಒಂದು ಪೊಟ್ಟಣವನ್ನು ಮಾತ್ರ ಒಮ್ಮೆಯೂ ಮೂಸಿ ನೋಡಿರಲಿಲ್ಲ.

"ಅವನ ಪುಡಿಗೆ ನಿನ್ನ ಹೆಸರು ಕೊಟ್ಟವಳು ನಾನೇ ಸ್ವಾಮೀ," ಎಂದು ಗಲ್ಲ ಬಡಿದುಕೊಂಡು, ಪೊಟ್ಟಣ ಎತ್ತಿಕೊಂಡು ಆಟೋ ಹತ್ತಿದಳು.

ಚಿನ್ಮಯಿ ಕೈ ಚಾಚಿದಾಗ ಅದನ್ನು ಅವಳ ಅಂಗೈಯಲ್ಲಿಟ್ಟು, ಬೆರಳನ್ನು ಮಾತ್ರ ಸಡಿಲಿಸಲಿಲ್ಲ.

"ಪರೀಕ್ಷೆ ಮಾಡು ಮಗಾ. ಆದರೆ ಬಾಗಿಲು ತೆರೆದಿರಲಿ. ನಾನು ಇಲ್ಲೇ ಕೂತು ನೋಡ್ತೇನೆ."

ಚಿನ್ಮಯಿ ನಕ್ಕು ಒಂದು ಸ್ಟೂಲನ್ನು ಬಾಗಿಲಿಗೆ ಎಳೆದುಕೊಟ್ಟಳು. ಲೋಲಾಕ್ಷಿ ಅದು ಗಟ್ಟಿಯಿದೆಯೇ ಎಂದು ಒಮ್ಮೆ ಅಲುಗಿಸಿ ನೋಡಿ, ಕೂತಳು.