ದವಡೆ ಮುರಿದವನ ಹೆಸರು

"ಮಕ್ಕಳನ್ನ ಕೂರಿಸೋ ಬಸ್ಸು ಕಣಯ್ಯ ಇದು, ದನದ ಗಾಡಿ ಅಲ್ಲ. ಮುದುಕನ ದವಡೆ ಮುರಿದ ಕೈಗೆ ಸ್ಟೇರಿಂಗ್ ಕೊಟ್ರೆ ನಾಳೆ ತಂದೆತಾಯಿಗಳು ಬಂದು ನನ್ನ ದವಡೆ ಮುರೀತಾರೆ."

ಹೀಗೆಂದು, ನಾನು ಮನಸ್ಸಿನಲ್ಲೇ ಟೈ ಎಂದು ಕರೆಯುವ ಆ ಸಾಹೇಬ, ನನಗೆ ಕೊಟ್ಟಿದ್ದ ಕೆಲಸದ ಪತ್ರವನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ, ಹರಿದು, ಬುಟ್ಟಿಗೆ ಹಾಕಿದ. ಶಾಲಾ ಬಸ್ ಕಂಪನಿಯಲ್ಲಿ ಆಳುಗಳನ್ನು ಆರಿಸುವವನು ಅವನೇ. ಟೈ ಅವನ ಕುತ್ತಿಗೆಯನ್ನು ಹಿಡಿದಿತ್ತೋ ಅವನು ಟೈಯನ್ನು ಹಿಡಿದಿದ್ದನೋ, ಮಾತಾಡುವಾಗ ಕೈ ಸದಾ ಅಲ್ಲೇ.

ಹಿಂದಿನ ವಾರ ಇದೇ ಮನುಷ್ಯ ನನ್ನ ಕೈಯಲ್ಲಿ ಖಾಲಿ ಬಸ್ಸನ್ನು ಊರೆಲ್ಲ ಸುತ್ತಿಸಿ, "ಬೆಣ್ಣೇಲಿ ಚಾಕು ಆಡಿಸಿದ ಹಾಗೆ ಓಡಿಸ್ತೀಯಲ್ಲೋ" ಎಂದು ಬೆನ್ನು ತಟ್ಟಿದ್ದ. ತಟ್ಟಿದ ಕೈಯನ್ನು ಆಮೇಲೆ ಮೂಸಿ ನೋಡಿಕೊಂಡದ್ದು ಕನ್ನಡಿಯಲ್ಲಿ ಕಂಡಿತ್ತು. ತೊಗಲು ಹದ ಮಾಡುವವರ ಬೆನ್ನು ಹಾಗೇ ನಾರುತ್ತದೆ. ಈಗ ಆ ಬೆನ್ನಿನ ಹಿಂದೆ ಇನ್ನೇನು ನಾರುತ್ತಿದೆ ಎಂದು ಠಾಣೆಯಲ್ಲಿ ವಿಚಾರಿಸಿ ಬಂದಿದ್ದ. ಅದಕ್ಕೆ ಹಿನ್ನೆಲೆ ತನಿಖೆ ಎನ್ನುತ್ತಾರಂತೆ.

"ಕೇಸು ಗೀಸು ಇದೆಯಾ ಅಂದ್ರೆ ಫಾರಮ್ಮಲ್ಲಿ 'ಇಲ್ಲ' ಅಂತ ಬರೆದಿದ್ದೀಯ. ಹೊಡೆದಿದ್ದೂ ಅಲ್ದೆ ಸುಳ್ಳು ಬೇರೆ."

"ಸುಳ್ಳಲ್ಲ ಸಾರ್. ಅದು ಸರದಿ."

"ಹಂಗಂದ್ರೆ?"

ಹೇಳಿದೆ. ನಮ್ಮ ತೊಗಲಂಗಳದ ಧಣಿಯ ಕೈ ಬಾಯಿಗಿಂತ ಮುಂದು. ಸಣ್ಣಪುಟ್ಟ ಏಟು ಅಂಗಳದಲ್ಲೇ ಒಣಗುತ್ತದೆ. ಮೂಳೆ ಮುರಿದರೆ ಮಾತ್ರ ಆಸ್ಪತ್ರೆ. ಆಸ್ಪತ್ರೆಯವರು ಠಾಣೆಗೆ ಹೇಳುತ್ತಾರೆ. ಠಾಣೆಗೆ ಒಂದು ಹೆಸರು ಬೇಕು. ಧಣಿಯ ಹೆಸರು ಕೊಟ್ಟರೆ ಅಂಗಳಕ್ಕೆ ಬೀಗ, ಅಂಗಳಕ್ಕೆ ಬೀಗವಾದರೆ ನಮ್ಮ ಒಲೆಗೂ ಬೀಗ. ಅದಕ್ಕೇ ಸುಣ್ಣದ ಹೊಂಡಗಳ ಸಾಲಿನ ಪ್ರಕಾರ ಸರದಿ ಇಟ್ಟುಕೊಂಡಿದ್ದೆವು. ಯಾವ ಹೊಂಡದವನ ಸರದಿಯೋ ಅವನು ಹೋಗಿ "ನಾನೇ ಹೊಡೆದೆ" ಎನ್ನಬೇಕು. ದಂಡ ಧಣಿಯದು, ಲಾಕಪ್ಪು ನಮ್ಮದು. ಕಕ್ಕಸು ತೊಳೆಯುವುದಕ್ಕೂ ನಮ್ಮಲ್ಲಿ ಇದೇ ಸಾಲು. ಕಕ್ಕಸು ತೊಳೆದದ್ದನ್ನು ಯಾವನಾದರೂ ಕೆಲಸದ ಫಾರಮ್ಮಿನಲ್ಲಿ ಬರೆಯುತ್ತಾನೆಯೆ? ನನಗೆ ಇದೂ ಬರೆಯುವಂಥದ್ದೆಂದು ಹೊಳೆಯಲೇ ಇಲ್ಲ.

ಕೊಕ್ಕರೆಯ ದವಡೆಗೆ ಧಣಿ, ಹೊಂಡದಿಂದ ತೊಗಲು ಎಳೆಯುವ ಕೊಕ್ಕೆಕೋಲಿನ ಹಿಡಿಯಿಂದ ಬಾರಿಸಿದ ದಿನ ಸರದಿ ನನ್ನದಿತ್ತು. ಕೊಕ್ಕರೆ ನಮ್ಮೆಲ್ಲರಿಗಿಂತ ಹಿರಿಯ, ಕಾಲು ಉದ್ದ, ಕತ್ತು ಉದ್ದ, ಅದಕ್ಕೇ ಆ ಹೆಸರು. ನೆನೆದ ತೊಗಲೊಂದು ಅವನ ಕೈಜಾರಿ ಹೊಂಡದ ತಳ ಸೇರಿದ್ದಷ್ಟೇ ತಪ್ಪು. ನಾನು ಲಾಕಪ್ಪಿನಲ್ಲಿದ್ದಾಗ ದವಡೆಗೆ ಬಟ್ಟೆ ಬಿಗಿದುಕೊಂಡು ನನಗೆ ಊಟ ತಂದುಕೊಟ್ಟವನೂ ಅವನೇ.

"ಕತೆ ಚೆನ್ನಾಗಿದೆ" ಎಂದ ಟೈ. "ಹೋಗು, ಇನ್ನೊಬ್ಬನಿಗೆ ಹೇಳು."

ಮನೆಯಲ್ಲಿ ಮಗಳು ಮಂಚದ ಮೇಲೆ ದಿಂಬು, ಕೊಡ, ಅವಳಮ್ಮನ ಚಪ್ಪಲಿ ಎಲ್ಲವನ್ನೂ ಸಾಲಾಗಿ ಕೂರಿಸಿ ತಟ್ಟೆ ತಿರುಗಿಸುತ್ತ ಬಸ್ಸು ಓಡಿಸುತ್ತಿದ್ದಳು. ಡ್ರೈವರನ ಮಗುವಿಗೆ ಆ ಬಸ್ಸು ಓಡುವ ದೊಡ್ಡ ಶಾಲೆಯಲ್ಲಿ ಸೀಟು ಎಂಬ ಮಾತಾಗಿತ್ತು. ಈಗಿನ ಶಾಲೆಯಲ್ಲಿ ಇವಳ ಪಕ್ಕ ಯಾರೂ ಕೂರುವುದಿಲ್ಲ. ಮೂಗು ಹಿಡಿದುಕೊಂಡು "ತೊಗಲೂ" ಎಂದು ಕರೆಯುತ್ತಾರೆ. ಅದನ್ನು ಅವಳೇ ಮೂಗು ಹಿಡಿದು ನನಗೆ ಅಂದು ತೋರಿಸಿದ್ದಳು; ಅಣಕಿಸುವ ಬುದ್ಧಿ ನನ್ನಿಂದಲೇ ಬಂದದ್ದು.

"ಅಪ್ಪಾ, ಹೊಸ ಶಾಲೇಲಿ ನಾನು ನಿನ್ನ ಹಿಂದಿನ ಸೀಟಲ್ಲೇ ಕೂರಬೋದಾ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳಿಗೆ ಅಷ್ಟೇ ಸಾಕಾಯಿತು. ಅವಳು ಎಸೆದ ಸೌಟು ನನ್ನ ಕಿವಿ ಸೀಳಿಕೊಂಡು ಹೋಗಿ ಗೋಡೆಗೆ ಬಡಿಯಿತು.

"ನಿನ್ನ ಸರದಿಗಿಷ್ಟು ಬೆಂಕಿ ಹಾಕ. ಆ ಬೇವರ್ಸಿ ಹೊಡೆಯೋದು, ನೀವು ಸಾಲಾಗಿ ನಿಂತು ನಾನು ನಾನು ಅಂತ ಹೊತ್ಕೊಳ್ಳೋದು. ಗಂಡಸ್ರೋ, ಗೂಟಕ್ಕೆ ಕಟ್ಟಿದ ಕೋಣಗಳೋ?"

"ಕೋಣ ಆಗಿದ್ರೆ ಒಂದೇ ಸಲ ಸುಲಿದು ಬಿಡ್ತಿದ್ರು" ಎಂದೆ, ಕಿವಿಯ ರಕ್ತ ಒರೆಸಿಕೊಳ್ಳುತ್ತ.

"ನಗಬೇಡ. ನಕ್ಕರೆ ಒಲೆ ಕಲ್ಲು ಬರ್ತದೆ."

ಮರುದಿನ ಬೆಳಿಗ್ಗೆ ಅವಳೇ ಹೋಗಿ ಕೊಕ್ಕರೆಯನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದಳು. ಮುದುಕ ಮುಖ ತೊಳೆದು, ಇದ್ದುದರಲ್ಲಿ ಬಿಳಿ ಅಂಗಿ ತೊಟ್ಟಿದ್ದ.

"ನಡಿಯೋ. ಬಾಯಿ ಸೊಟ್ಟ ಆದ್ರೂ ನನ್ನ ಮಾತು ನೆಟ್ಟಗಿದೆ" ಎಂದ.

"ಧಣಿಗೆ ಗೊತ್ತಾದ್ರೆ?"

"ಇನ್ನೊಂದು ಪಕ್ಕ ಬಾಕಿ ಇದೆಯಲ್ಲ, ಮುರೀಲಿ."

ಟೈ ನಮ್ಮನ್ನು ಕೂರಿಸಲಿಲ್ಲ. ಕೊಕ್ಕರೆ ಮೇಜಿನ ಮುಂದೆ ಕೈಕಟ್ಟಿ ನಿಂತು, ಸೊಟ್ಟ ಬಾಯಿಂದ ಒಂದೊಂದೇ ಮಾತನ್ನು ಹೊರಗೆ ದಬ್ಬಿದ. "ಹೊಡೆದೋನು ಇವನಲ್ಲ ಸ್ವಾಮಿ. ನಮ್ಮ ಧಣಿ. ದವಡೆ ನಂದು, ನನಗೆ ಗೊತ್ತಿಲ್ವಾ?"

ಟೈ ಅವನ ಬಾಯಿಯನ್ನು ನೋಡಿದ, ನನ್ನ ಹರಿದ ಕಿವಿಯನ್ನು ನೋಡಿದ. "ಮುದುಕಪ್ಪ, ಇವನು ಕೇಳಿದ್ದಕ್ಕೆ ಬಂದ್ಯೋ, ಹೆದರಿಸಿದ್ದಕ್ಕೆ ಬಂದ್ಯೋ?"

"ನನ್ನನ್ನ ಹೆದರಿಸೋಕೆ ಇವನೇನು ನನ್ನ ಹೆಂಡ್ತಿಯಾ?"

ಟೈ ನಗಲಿಲ್ಲ. ಫೋನು ಒತ್ತಿ ಮೇಜಿನ ಮೇಲಿಟ್ಟ. ಧಣಿಯ ದನಿ ಕೋಣೆ ತುಂಬ ಜೇನಿನಂತೆ ಸುರಿಯಿತು. ಮೇಲಿನವರೊಡನೆ ಆಡುವ ಆ ದನಿಯನ್ನು ನಾನು ಹೊಂಡದಲ್ಲಿ ನಿಂತು ಎಷ್ಟು ಸಲ ಅಣಕಿಸಿ ಎಲ್ಲರನ್ನೂ ನಗಿಸಿದ್ದೆನೋ.

"ಅಯ್ಯೋ ಸಾರ್, ನಮಸ್ಕಾರ ಸಾರ್. ಆ ಮುದುಕಂಗೆ ತಲೆ ನೆಟ್ಟಗಿಲ್ಲ ಸಾರ್, ಪಾಪ. ಇವನಿದಾನಲ್ಲ, ಮಹಾ ರೌಡಿ. ನಾನೇ ಕೈಯಿಂದ ದಂಡ ಕಟ್ಟಿ ಬಿಡಿಸಿದೀನಿ ಸಾರ್. ಕಳಿಸ್ಕೊಡಿ, ಬುದ್ಧಿ ಹೇಳ್ತೀನಿ."

ಟೈ ಗಂಟೆ ಒತ್ತಿದ. ಕಾವಲುಗಾರರಿಬ್ಬರು ಬಂದು ನಮ್ಮ ಕಾಲರಿಗೆ ಕೈ ಹಾಕಿದರು. "ಬುಡ್ರೋ, ಅಂಗಿ ಹರಿಯುತ್ತೆ" ಎಂದ ಕೊಕ್ಕರೆ. ಅದಕ್ಕೆ ಲಾಠಿ ಅವನ ಮೊಣಕಾಲ ಹಿಂದೆ ಬಿತ್ತು, ಅಂಗಿಯೂ ಹರಿಯಿತು. ಗೇಟಿನ ಹೊರಗೆ ನಮ್ಮನ್ನು ಮೂಟೆ ಇಳಿಸಿದಂತೆ ಇಳಿಸಿದರು. ಪಕ್ಕದಲ್ಲಿ ನಿಂತಿದ್ದ ಬಸ್ಸಿನ ಕಿಟಕಿಗಳ ತುಂಬ ಮಕ್ಕಳ ಮುಖ. ಒಂದು ಮಗು ಕೈ ಬೀಸಿತು. ಕೊಕ್ಕರೆ ಬಿದ್ದಲ್ಲಿಂದಲೇ ತಿರುಗಿ ಕೈ ಬೀಸಿದ.

ಅಂಗಳ ಬಿಟ್ಟರೆ ನಮಗೆ ಬೇರೆ ಅನ್ನವಿಲ್ಲ, ಅಲ್ಲಿಗೇ ಹೋದೆವು. ಧಣಿ ಮೊದಲನೇ ಹೊಂಡದ ಅಂಚಿನಲ್ಲಿ ಕೊಕ್ಕೆಕೋಲು ಹಿಡಿದು ಕಾಯುತ್ತಿದ್ದ. ಆಳುಗಳೆಲ್ಲ ತಮ್ಮ ತಮ್ಮ ಹೊಂಡದ ಬಳಿ ಬಗ್ಗಿಕೊಂಡೇ ಇದ್ದರು. ಸುಣ್ಣದ ಘಾಟಿಗೆ ಕಣ್ಣಲ್ಲಿ ನೀರು ಬರುವುದು ಎಂದಿನಂತೆ.

"ಬನ್ನಿ ಸಾಕ್ಷಿದಾರರೇ" ಎಂದ. ಈಗ ದನಿಯಲ್ಲಿ ಜೇನಿರಲಿಲ್ಲ. "ಉಪ್ಪು ತಿಂದ ಮನೆಗೆ ಎರಡು ಬಗೆಯೋಕೆ ಬಿಳಿ ಅಂಗಿ ಬೇರೆ ಹಾಕ್ಕೊಂಡಿದ್ದೀಯಲ್ಲೋ, ಸೂಳೆಮಗನೆ."

ಮೊದಲ ಏಟು ಬಾಕಿ ಇದ್ದ ಪಕ್ಕಕ್ಕೇ ಬಿತ್ತು. ಒಣ ಕಟ್ಟಿಗೆ ಲಟಕ್ಕೆಂದಂತಾಯಿತು. ಕೊಕ್ಕರೆ ಕೂತ. ಎರಡನೆಯದು ಭುಜಕ್ಕೆ, ಆಮೇಲಿನವು ಎಲ್ಲೆಂದರಲ್ಲಿ. ಹಲ್ಲು ರಕ್ತದೊಂದಿಗೆ ಬಿಳಿ ಅಂಗಿಯ ಮೇಲೆ ಉದುರಿತು. ಧಣಿ ಹೊಡೆಯುತ್ತಲೇ, ಆಳುಗಳ ಕಡೆ ತಿರುಗಿಯೂ ನೋಡದೆ, ಸಾಮಾನು ತರಲು ಹೇಳುವವನಂತೆ ಕೇಳಿದ: "ಇವತ್ತು ಯಾರ ಸರದೀನೋ? ಕೈ ತೊಳ್ಕೊಂಡು ರೆಡಿಯಾಗಿರಿ. ಇವನು ಆಸ್ಪತ್ರೆಗೆ ಹೋಗೋ ಹಂಗಿದಾನೆ."

ಕೋಲು ಮತ್ತೆ ಮೇಲೆದ್ದಾಗ ನಾನು ಅದನ್ನು ಹಿಡಿದೆ. ತಿರುಚಿದೆ. ಅವನು ನನ್ನ ಹೊಟ್ಟೆಗೆ ಒದ್ದ, ಹರಿದ ಕಿವಿಯನ್ನು ಕಚ್ಚಿದ. ಕಿವಿಯ ಒಂದು ಚೂರು ಅವನ ಬಾಯಲ್ಲೇ ಉಳಿಯಿತು. ಕೋಲು ನನ್ನ ಕೈಗೆ ಬಂದಿತು. ಅವನ ಮೊಣಕೈಗೆ ಹಾಕಿದೆ. ಅಷ್ಟು ವರ್ಷ ಎಲ್ಲರ ಮೇಲೆ ಆಡಿದ ಕೈ, ಮುರಿದ ಕೊಂಬೆಯಂತೆ ತಿರುಚಿಕೊಂಡು ಜೋತುಬಿತ್ತು. ಕೆನ್ನೆಗೆ ಒಂದು ಹಾಕಿದೆ. ಆಮೇಲೆ ಎದೆಗೆ ಕೋಲು ಅಡ್ಡಕೊಟ್ಟು ತಳ್ಳಿದೆ.

ತೊಗಲಿನ ಕೂದಲು ಉದುರಿಸುವ ಸುಣ್ಣದ ಹೊಂಡ ಎದೆಮಟ್ಟ ಆಳ. ಧಣಿ ಮುಳುಗಿ ಎದ್ದ. ಎದ್ದವನಿಗೆ ಕಣ್ಣು ತೆರೆಯಲಾಗಲಿಲ್ಲ. ಬೆಳ್ಳಗೆ ಬಳಿದ ಗೋಡೆಯಂಥ ಮುಖದಲ್ಲಿ ಬಾಯಿ ಮಾತ್ರ ಕೆಂಪು. ಸರಿ ಇದ್ದ ಒಂದು ಕೈ ಅಂಚನ್ನು ತಡಕಿ ಹಿಡಿಯುತ್ತಿತ್ತು. ಅಂಚಿಗೆ ಲೋಳೆ. ಜಾರಿತು.

ಅಂಗಳದ ಲೆಕ್ಕ ಬರೆಯುವ ಗುಮಾಸ್ತ ಠಾಣೆಗೆ ಫೋನು ಮಾಡಿದ್ದನೆಂದು ಕಾಣುತ್ತದೆ. ಪೇದೆ ಬಂದ. ಗಾಡಿಯಿಂದ ಇಳಿಯುವ ಮುಂಚೆಯೇ, "ಯಾರಪ್ಪ ಇವತ್ತು? ಬೇಗ ಹತ್ತು" ಎಂದ.

"ಸರದಿ ಮುಗೀತು. ಇದನ್ನ ನಾನೇ ಮಾಡಿದ್ದು" ಎಂದೆ. "ನಿಜವಾಗ್ಲೂ ಮಾಡಿದೀನಿ. ನೋಡ್ಕೊಂಡು ಬರ್ಕೊಳ್ಳಿ."

ಹೊಂಡದೊಳಗಿಂದ ಬಂದ ಸದ್ದು ಕೇಳಿದ ಮೇಲೆ ಪೇದೆಗೆ ಅರ್ಥವಾಯಿತು. "ಥೂ ಮುಂಡೇಮಕ್ಕಳಾ, ನೋಡ್ತಾ ನಿಂತಿದ್ದೀರಲ್ಲೋ, ಕೊಕ್ಕೆ ಹಾಕಿ ಎಳೀರೋ."

ಎರಡನೇ ಹೊಂಡದವನು ಮೂರನೆಯವನ ಕಡೆ ನೋಡಿದ. "ಎಳೆಯೋದು ನಿಂದಲ್ವೇನೋ?"

"ನಾನು ಹೋದ ಸಲ ಠಾಣೆಗೆ ಹೋಗಿದ್ನಲ್ಲ. ನಾಲ್ಕನೇದೋನ್ನ ಕೇಳು."

"ನನಗೆ ಬೆನ್ನು ನೋವು. ಸಾಲು ತಪ್ಪಿಸಿದ್ರೆ ಧಣಿ ಬಯ್ತಾರೆ ಬೇರೆ."

ಪೇದೆ ಹತ್ತಿರವಿದ್ದವನ ಕಪಾಳಕ್ಕೆ ಬಾರಿಸಿದ. ಹೊಡೆಸಿಕೊಂಡವನು ತನ್ನ ಕೊಕ್ಕೆಕೋಲನ್ನು ನೆಲಕ್ಕೆ ಮಲಗಿಸಿ ಅದರ ಮೇಲೆ ಕೂತ. ಅವನ ಪಕ್ಕದವನೂ ಕೂತ. ಆ ತುದಿಯವರೆಗೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಕೋಲುಗಳ ಮೇಲೆ ಕೂತರು. ಕೊಕ್ಕರೆ ಎರಡೂ ಕೈಯಲ್ಲಿ ಗಲ್ಲ ಹಿಡಿದು, ತೆವಳಿ ಬಂದು, ನನ್ನ ಕಾಲ ಬಳಿ ಬಿದ್ದಿದ್ದ ಧಣಿಯ ಕೋಲಿನ ಮೇಲೆ ಕೂತ.

ಪೇದೆ ಹೊಂಡವನ್ನು ನೋಡಿದ. ತನ್ನ ಬೂಟುಗಳನ್ನು ನೋಡಿದ. ಆಮೇಲೆ ಬಗ್ಗಿ ದಾರ ಬಿಚ್ಚತೊಡಗಿದ. ದಾರ ಗಂಟು ಬಿದ್ದಿತ್ತು.